ಇಂಡಿಯನ್: ಒಂದು ಪದ, ಹಲವು ಹಕ್ಕುದಾರರು

ಉತ್ತರ ಕ್ಯಾರೊಲಿನಾದ ಶಾರ್ಲಟ್ ನಗರದಿಂದ ದಕ್ಷಿಣಕ್ಕೆ ಹೊರಟು ರಾಜ್ಯದ ಗಡಿ ದಾಟಿದರೆ ಇಂಡಿಯನ್ ಲ್ಯಾಂಡ್ ಎಂಬ ಊರು ಸಿಗುತ್ತದೆ. ಅದೇ ಶಾರ್ಲಟ್‌ನ ಆಗ್ನೇಯಕ್ಕೆ ಇಂಡಿಯನ್ ಟ್ರೇಲ್ ಎಂಬ ಇನ್ನೊಂದು ಊರಿದೆ. ವಾಷಿಂಗ್ಟನ್ನಿನಿಂದ ಪೊಟೊಮ್ಯಾಕ್ ನದಿಯ ದಡ ಹಿಡಿದು ಕೆಳಗಿಳಿದರೆ ಮೇರಿಲ್ಯಾಂಡಿನಲ್ಲಿ ಇಂಡಿಯನ್ ಹೆಡ್ ಬರುತ್ತದೆ. ಈ ಮೂರು ಹೆಸರುಗಳಿಗೂ ಭಾರತಕ್ಕೂ ಯಾವ ಸಂಬಂಧವೂ ಇಲ್ಲ. ಇಂಡಿಯನ್ ಲ್ಯಾಂಡ್ ಎಂದರೆ ಕಟಾಬ ಜನರ ನೆಲ. 1763ರ ಆಗಸ್ಟಾ ಒಪ್ಪಂದದಲ್ಲಿ ಬ್ರಿಟಿಷರು ಆ ಜನರಿಗೆಂದು ಗುರುತಿಸಿಕೊಟ್ಟದ್ದು ಹದಿನೈದು ಮೈಲಿ ಉದ್ದ, ಹದಿನೈದು ಮೈಲಿ ಅಗಲದ, ಸುಮಾರು 1,44,000 ಎಕರೆ ಜಮೀನು. 1840ರ ನೇಷನ್ ಫೋರ್ಡ್ ಒಪ್ಪಂದದಲ್ಲಿ ಅದು ದಕ್ಷಿಣ ಕ್ಯಾರೊಲಿನಾ ರಾಜ್ಯದ ಪಾಲಾಯಿತು. ಜನರ ಕೈಯಿಂದ ನೆಲ ಹೋಯಿತು, ನೆಲಕ್ಕೆ ಅವರ ಹೆಸರು ಉಳಿಯಿತು. ಈಚಿನ ದಶಕಗಳಲ್ಲಿ ಶಾರ್ಲಟ್‌ನ ಬ್ಯಾಂಕುಗಳೂ ಸಾಫ್ಟ್‌ವೇರ್ ಕಚೇರಿಗಳೂ ಬೆಳೆದಂತೆ ಆ ಸುತ್ತಿನ ಹೊಸ ಬಡಾವಣೆಗಳಿಗೆ ಭಾರತದಿಂದ ಹೋದ ಕುಟುಂಬಗಳೂ ಬಂದು ನೆಲೆಸಿವೆ. ಇಂಡಿಯನ್ ಲ್ಯಾಂಡಿನಲ್ಲಿ ಒಂದು ಇಂಡಿಯನ್ ಕುಟುಂಬವಿದೆ ಎಂದು ಇವತ್ತು ಯಾರಾದರೂ ಹೇಳಿದರೆ, ಆ ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಬೇರೆ ಬೇರೆ ಚರಿತ್ರೆಗಳಿಂದ ಬಂದು ಕೂತಿರುತ್ತದೆ.

ಇಂಗ್ಲಿಷಿನಲ್ಲಿ ಹಲವು ಅರ್ಥದ ಪದಗಳು ಸಾವಿರಾರಿವೆ. ಅವುಗಳಲ್ಲಿ ಬಹುಪಾಲು ಯಾರಿಗೂ ತೊಂದರೆ ಕೊಡುವುದಿಲ್ಲ. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ, ಮುಂದೆ ಹೋಗುತ್ತೇವೆ. ‘ಇಂಡಿಯನ್’ ಆ ಸಾಲಿನ ಪದವಲ್ಲ. ಅದರ ಒಂದೊಂದು ಅರ್ಥದ ಹಿಂದೆಯೂ ಒಂದು ಕಾಯ್ದೆ, ಒಂದು ಒಪ್ಪಂದ, ಒಂದು ಕೋರ್ಟಿನ ತೀರ್ಪು ಅಥವಾ ಒಂದು ಜನಗಣತಿಯ ನಮೂನೆ ನಿಂತಿದೆ. ಆ ಪದದ ಒಳಗೆ ಸೇರಿದವರಿಗೆ ಹಕ್ಕು ಸಿಕ್ಕಿದೆ, ಹೊರಗೆ ಉಳಿದವರು ಕಳೆದುಕೊಂಡಿದ್ದಾರೆ. ಕೆಲವೊಮ್ಮೆ ಒಳಗೆ ಸೇರಿದ್ದರಿಂದಲೇ ಎಲ್ಲವನ್ನೂ ಕಳೆದುಕೊಂಡವರೂ ಇದ್ದಾರೆ. ಹಾಗಾಗಿ ಇದರ ಸರಿಯಾದ ಅರ್ಥ ಯಾವುದು ಎಂದು ಹುಡುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಯಾವ ಅರ್ಥವನ್ನು ಯಾರು ಕೊಟ್ಟರು, ಯಾರು ಕಾಪಾಡಿಕೊಂಡರು, ಯಾರ ಮೇಲೆ ಹೇರಲಾಯಿತು ಎಂದು ನೋಡಿದರೆ ಮಾತ್ರ ಈ ಪದ ನಮಗೆ ತಿಳಿಯುತ್ತದೆ. ವಾಷಿಂಗ್ಟನ್, ಜಾರ್ಜಿಯಾ ಮತ್ತು ಎರಡು ಕ್ಯಾರೊಲಿನಾಗಳು ಇದನ್ನು ಪರೀಕ್ಷಿಸಲು ತಕ್ಕ ಜಾಗ. ಈ ಪದದ ಹಲವು ದೊಡ್ಡ ವ್ಯಾಜ್ಯಗಳು ಈ ಸೀಮೆಯಲ್ಲೇ ನಡೆದಿವೆ.

ಮೂಲದಿಂದಲೇ ಹೊರಡೋಣ. ಸಿಂಧು ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ಹಿಂದು ಆಯಿತು, ಗ್ರೀಕರಲ್ಲಿ ಇಂಡೋಸ್ ಆಯಿತು, ಲ್ಯಾಟಿನ್ನಿನಲ್ಲಿ ಇಂಡಿಯಾ ಆಯಿತು. 1492ರಲ್ಲಿ ಕೊಲಂಬಸ್ ಬಹಾಮ ದ್ವೀಪಗಳಲ್ಲಿ ಇಳಿದಾಗ ತಾನು ಏಷ್ಯಾದ ಅಂಚಿಗೆ ಬಂದಿದ್ದೇನೆ ಎಂದುಕೊಂಡ. 1493ರ ತನ್ನ ಪತ್ರದಲ್ಲಿ ಅಲ್ಲಿನ ಜನರನ್ನು ‘ಇಂಡಿಯೋ’ಗಳು ಎಂದು ಬರೆದ. ಇದನ್ನು ನಾವು ಸಾಮಾನ್ಯವಾಗಿ ಒಬ್ಬ ನಾವಿಕನ ತಪ್ಪು ಎಂದು ಹೇಳಿ ಮುಗಿಸುತ್ತೇವೆ. ಆದರೆ ಅಂದಿನ ಯುರೋಪಿನವರಿಗೆ ಇಂಡೀಸ್ ಎಂದರೆ ಇಂದಿನ ಭಾರತದ ಗಡಿಗಳಾಗಿರಲಿಲ್ಲ; ಪರ್ಷಿಯಾದಿಂದ ಆಚೆಗೆ ಚೀನಾ, ಜಪಾನುಗಳವರೆಗೆ ಹಬ್ಬಿದ, ಅಳತೆಗೆ ಸಿಗದ ಒಂದು ಪೂರ್ವ ದಿಕ್ಕು. ಕೊಲಂಬಸ್ ತಪ್ಪಿದ್ದು ದಿಕ್ಕಿನಲ್ಲಿ ಮತ್ತು ದೂರದಲ್ಲಿ. ಆಮೇಲೆ ತಪ್ಪು ಗೊತ್ತಾದಾಗ ಯುರೋಪು ಪದವನ್ನು ಹಿಂತೆಗೆದುಕೊಳ್ಳಲಿಲ್ಲ; ಅದನ್ನೇ ಎರಡು ಮಾಡಿ ಪೂರ್ವದ ಇಂಡೀಸ್, ಪಶ್ಚಿಮದ ಇಂಡೀಸ್ ಎಂದಿತು. 1600ರಲ್ಲಿ ಲಂಡನ್ನಿನ ವರ್ತಕರು ತಮ್ಮ ಕಂಪನಿಗೆ ‘ಈಸ್ಟ್ ಇಂಡಿಯಾ’ ಎಂದು ವಿಶೇಷಣ ಸೇರಿಸಬೇಕಾಗಿ ಬಂದದ್ದು ಇದಕ್ಕೇ.

ಈ ಎರಡು ಕವಲುಗಳು ದೂರದೂರ ಬೆಳೆದು ನಮ್ಮ ಕಾಲದಲ್ಲಿ ಮಾತ್ರ ಎದುರಾದವು ಎಂದು ತಿಳಿಯುವುದೂ ಸರಿಯಲ್ಲ. ಹದಿನೇಳನೆಯ ಶತಮಾನದ ವರ್ಜೀನಿಯಾದ ದಾಖಲೆಗಳಲ್ಲೇ ‘ಈಸ್ಟ್ ಇಂಡಿಯನ್’ ಎಂದು ಗುರುತಿಸಿದ ಆಳುಗಳಿದ್ದಾರೆ. 1635ರ ಒಂದು ಜಮೀನು ದಾಖಲೆಯಲ್ಲಿ ಟೋನಿ ಎಂಬವನ ಹೆಸರು ಹೀಗೇ ಬರುತ್ತದೆ. ಕಂಪನಿಯ ಹಡಗುಗಳಲ್ಲಿ ಇಂಗ್ಲೆಂಡಿಗೆ, ಅಲ್ಲಿಂದ ಚೆಸಪೀಕ್ ಕೊಲ್ಲಿಯ ತಂಬಾಕು ತೋಟಗಳಿಗೆ ಸಾಗಿಸಿದ ಇಂಥವರ ಸುಳಿವು ಮೇರಿಲ್ಯಾಂಡಿನ ಕಾಗದಪತ್ರಗಳಲ್ಲೂ ಸಿಗುತ್ತದೆ. ಮಾಲೀಕರಿಗೂ ಗುಮಾಸ್ತರಿಗೂ ಇವರನ್ನು ಎಲ್ಲಿ ಸೇರಿಸಬೇಕೆಂಬುದು ತಿಳಿಯದೆ ಒಮ್ಮೆ ‘ಇಂಡಿಯನ್’, ಒಮ್ಮೆ ‘ನೀಗ್ರೊ’, ಒಮ್ಮೆ ‘ಮುಲಾಟೊ’ ಎಂದು ಬರೆದರು. ಎರಡು ಮೂರು ತಲೆಮಾರುಗಳಲ್ಲಿ ಅವರ ಮೂಲದ ಗುರುತೇ ಕಾಗದದಿಂದ ಅಳಿಸಿಹೋಯಿತು. ವಾಷಿಂಗ್ಟನ್ ನಗರ ಹುಟ್ಟುವ ನೂರೈವತ್ತು ವರ್ಷ ಮೊದಲೇ ಆ ನೆಲದಲ್ಲಿ ಈ ಪದದ ಗೊಂದಲ ಮನುಷ್ಯರ ಬಾಳನ್ನು ನಿರ್ಧರಿಸುತ್ತಿತ್ತು.

ಮನುಷ್ಯರ ಜೊತೆಗೆ ವಸ್ತುಗಳಿಗೂ ಈ ಹೆಸರು ಅಂಟಿತು. ‘ಇಂಡಿಯನ್ ಕಾರ್ನ್’ ಎಂದರೆ ಅಮೆರಿಕದ ಮೂಲಜನರು ಬೆಳೆದ ಮೆಕ್ಕೆಜೋಳ. ‘ಇಂಡಿಯಾ ಇಂಕ್’ ಎಂದರೆ ಚೀನಾದ ಮಸಿ. ‘ಇಂಡಿಯನ್ ಕ್ಲಬ್’ ಎಂದರೆ ನಮ್ಮ ಗರಡಿಮನೆಗಳಲ್ಲಿ ತಿರುಗಿಸುವ ಮರದ ಗದೆ, 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಗಿದ್ದದ್ದು. ಶರತ್ಕಾಲದ ಚಳಿ ಶುರುವಾದ ಮೇಲೆ ಬರುವ ನಾಲ್ಕು ದಿನದ ಬೆಚ್ಚನೆಯ ಹವೆಗೆ ‘ಇಂಡಿಯನ್ ಸಮ್ಮರ್’ ಎನ್ನುವುದು ಹದಿನೆಂಟನೆಯ ಶತಮಾನದ ಅಮೆರಿಕದ ಬಳಕೆ. ಕೊಟ್ಟದ್ದನ್ನು ವಾಪಸು ಕೇಳುವವನಿಗೆ ‘ಇಂಡಿಯನ್ ಗಿವರ್’ ಎನ್ನುತ್ತಾರೆ. ಕೊಟ್ಟ ಮಾತನ್ನು ಒಪ್ಪಂದದ ಮೇಲೆ ಒಪ್ಪಂದದಲ್ಲಿ ಮುರಿದವರು ಯಾರು ಎಂದು ತಿಳಿದವರಿಗೆ ಈ ನುಡಿಯ ಅನ್ಯಾಯವನ್ನು ವಿವರಿಸಬೇಕಾಗಿಲ್ಲ.

ಇವುಗಳಲ್ಲೆಲ್ಲ ಕ್ಯಾರೊಲಿನಾಗೆ ತೀರ ಹತ್ತಿರದ್ದು ಇಂಡಿಗೋ, ನಮ್ಮ ನೀಲಿ. ಆ ಪದದ ಅರ್ಥವೇ ಇಂಡಿಯಾದ್ದು ಎಂದು. ಗ್ರೀಕರು ಬಣ್ಣಕ್ಕೆ ಅದು ಬಂದ ದೇಶದ ಹೆಸರಿಟ್ಟರು. 1740ರ ದಶಕದಲ್ಲಿ ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್ ಬಳಿಯ ತೋಟವೊಂದರಲ್ಲಿ ಎಲೈಜಾ ಲೂಕಸ್ ಎಂಬ ಎಳೆಯ ಹೆಣ್ಣುಮಗಳು ತಂದೆ ಆಂಟಿಗುವಾದಿಂದ ಕಳಿಸಿದ ಬೀಜ ಬಿತ್ತಿ, ಹಲವು ಬಾರಿ ಬೆಳೆ ಕೆಟ್ಟ ಮೇಲೆ ನೀಲಿ ತೆಗೆಯುವುದರಲ್ಲಿ ಗೆದ್ದಳು. ಎಲೆಯನ್ನು ತೊಟ್ಟಿಯಲ್ಲಿ ಕೊಳೆಹಾಕಿ, ನೀರನ್ನು ಬಡಿದು, ಗಸಿ ಇಳಿಸಿ, ಒಣಗಿಸಿ, ಬಿಲ್ಲೆ ಕತ್ತರಿಸುವ ಆ ನಾರುವ ಕೆಲಸವನ್ನು ಮಾಡಿದವರು ಗುಲಾಮಗಿರಿಯಲ್ಲಿದ್ದ ಆಫ್ರಿಕದ ಜನ. 1748ರಿಂದ ಬ್ರಿಟನ್ ಇದಕ್ಕೆ ಪ್ರೋತ್ಸಾಹಧನ ಕೊಟ್ಟಿತು. ಭತ್ತದ ನಂತರ ವಸಾಹತಿನ ದೊಡ್ಡ ರಫ್ತು ಇದಾಯಿತು. ಅಮೆರಿಕ ಸ್ವತಂತ್ರವಾದ ಮೇಲೆ ಆ ಹಣವೂ ಆ ಮಾರುಕಟ್ಟೆಯೂ ಹೋದವು. ಬ್ರಿಟಿಷರು ನೀಲಿಗಾಗಿ ಬಂಗಾಳದ ರೈತನ ಹೊಲಕ್ಕೆ ತಿರುಗಿದರು. ಇಂದಿಗೂ ದಕ್ಷಿಣ ಕ್ಯಾರೊಲಿನಾದ ಧ್ವಜದ ಬಣ್ಣ ಇಂಡಿಗೋ ನೀಲಿ. ಅದೇ ಚಾರ್ಲ್ಸ್‌ಟನ್ ಮುಖ್ಯ ಬಂದರಾಗಿದ್ದ ಸೀಮೆಯಿಂದ, ಇತಿಹಾಸಕಾರ ಅಲನ್ ಗ್ಯಾಲೇ ಅವರ ಲೆಕ್ಕದ ಪ್ರಕಾರ, 1670 ಮತ್ತು 1715ರ ನಡುವೆ 24,000ದಿಂದ 51,000 ಮಂದಿ ಮೂಲಜನರನ್ನು ಗುಲಾಮರಾಗಿ ಮಾರಲಾಯಿತು. ಆ ಬಂದರಿನ ಚರಿತ್ರೆಯಲ್ಲಿ ‘ಇಂಡಿಯನ್’ ಎಂಬುದು ಬಣ್ಣದ ಹೆಸರಾಗಿಯೂ ಸರಕಾದ ಮನುಷ್ಯನ ಹೆಸರಾಗಿಯೂ ದಾಖಲಾಗಿದೆ.

ಕಾನೂನಿಗೆ ಬಂದರೆ ಪದದ ತೂಕ ಪೂರ್ತಿ ಬದಲಾಗುತ್ತದೆ. 1787ರ ಅಮೆರಿಕದ ಸಂವಿಧಾನ ಎರಡು ಕಡೆ ಈ ಪದವನ್ನು ಬಳಸುತ್ತದೆ: ಇಂಡಿಯನ್ ಬುಡಕಟ್ಟುಗಳ ಜೊತೆಗಿನ ವ್ಯಾಪಾರವನ್ನು ಕಾಂಗ್ರೆಸ್ ನಿಯಂತ್ರಿಸಬಹುದು ಎಂದು ಒಂದು ಕಡೆ, ಪ್ರಾತಿನಿಧ್ಯದ ಲೆಕ್ಕ ಹಾಕುವಾಗ ತೆರಿಗೆ ಕೊಡದ ಇಂಡಿಯನ್ನರನ್ನು ಬಿಡಬೇಕು ಎಂದು ಇನ್ನೊಂದು ಕಡೆ. 1824ರಲ್ಲಿ ಇಂಡಿಯನ್ ವ್ಯವಹಾರಗಳ ಬ್ಯೂರೊ ಹುಟ್ಟಿದ್ದು ಯುದ್ಧ ಇಲಾಖೆಯ ಅಡಿಯಲ್ಲಿ. 1830ರ ಇಂಡಿಯನ್ ತೆರವು ಕಾಯ್ದೆಗೆ ಸಹಿ ಹಾಕಿದ ಅಧ್ಯಕ್ಷ ಆಂಡ್ರೂ ಜಾಕ್ಸನ್ ಹುಟ್ಟಿದ್ದು ಇಂಡಿಯನ್ ಲ್ಯಾಂಡಿಗೆ ಅಷ್ಟೇನೂ ದೂರವಲ್ಲದ, ಎರಡು ಕ್ಯಾರೊಲಿನಾಗಳ ಗಡಿಯ ವ್ಯಾಕ್ಸಾ ಸೀಮೆಯಲ್ಲಿ. ಜಾರ್ಜಿಯಾದ ಚೆರೊಕೀ ಜನರು ಸುಪ್ರೀಂ ಕೋರ್ಟಿಗೆ ಹೋದರು. 1831ರಲ್ಲಿ ಕೋರ್ಟು ಅವರನ್ನು ವಿದೇಶಿ ರಾಷ್ಟ್ರ ಎಂದು ಒಪ್ಪಲಿಲ್ಲ, ಅಮೆರಿಕದೊಳಗಿನ ಅವಲಂಬಿತ ರಾಷ್ಟ್ರ ಎಂದಿತು. 1832ರಲ್ಲಿ ಜಾರ್ಜಿಯಾದ ಕಾನೂನು ಚೆರೊಕೀ ನೆಲದಲ್ಲಿ ನಡೆಯದು ಎಂದು ತೀರ್ಪು ಕೊಟ್ಟಿತು. ಜಾರ್ಜಿಯಾ ಅದನ್ನು ಲೆಕ್ಕಿಸಲಿಲ್ಲ. 1838ರಲ್ಲಿ ಸುಮಾರು 16,000 ಚೆರೊಕೀ ಜನರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ದಾರಿಯಲ್ಲೂ ಶಿಬಿರಗಳಲ್ಲೂ ಸುಮಾರು 4,000 ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ಆ ವರ್ಷಗಳಲ್ಲಿ ಚೆರೊಕೀ ಜನರೇ ಈ ಪದವನ್ನು ಹೇಗೆ ಬಳಸಿದರು ಎಂಬುದನ್ನು ಹತ್ತಿರದಿಂದ ನೋಡಬೇಕು. ಸಿಕ್ವೊಯಾ ಎಂಬ ಚೆರೊಕೀ ಕುಶಲಕರ್ಮಿ 1821ರ ಹೊತ್ತಿಗೆ ತನ್ನ ಭಾಷೆಗೆ ಲಿಪಿಯೊಂದನ್ನು ಕಟ್ಟಿ ಮುಗಿಸಿದ್ದ. ಅದರಲ್ಲಿ ಒಂದೊಂದು ಗುರುತಿಗೂ ಒಂದೊಂದು ಉಚ್ಚಾರ, ನಮ್ಮ ಕಾಗುಣಿತದ ಅಕ್ಷರಗಳಂತೆ. 1828ರ ಫೆಬ್ರವರಿ 21ರಂದು ಇಂದಿನ ಅಟ್ಲಾಂಟದ ಉತ್ತರಕ್ಕಿರುವ ನ್ಯೂ ಎಕೋಟಾದಲ್ಲಿ ಆ ಲಿಪಿಯಲ್ಲೂ ಇಂಗ್ಲಿಷಿನಲ್ಲೂ ‘ಚೆರೊಕೀ ಫೀನಿಕ್ಸ್’ ಪತ್ರಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರದ್ದು. ಅಂದರೆ ಹದಿನೈದು ವರ್ಷ ಆಚೆಗೆ. ಹೊರಟ ಮರುವರ್ಷವೇ ‘ಚೆರೊಕೀ ಫೀನಿಕ್ಸ್’ ತನ್ನ ಹೆಸರಿಗೆ ‘ಇಂಡಿಯನ್ನರ ವಕೀಲ’ ಎಂಬರ್ಥದ ಮಾತನ್ನು ಸೇರಿಸಿಕೊಂಡಿತು. ತಮ್ಮ ಮನೆಯ ಮಾತಿಗೆ ಚೆರೊಕೀ ಎಂಬ ಹೆಸರು ಸಾಕಾಗಿತ್ತು. ಕ್ರೀಕ್, ಚಾಕ್ಟಾ, ಕಟಾಬ ಮುಂತಾದ ಎಲ್ಲರ ಪರವಾಗಿ ವಾಷಿಂಗ್ಟನ್ನಿನ ಎದುರು ನಿಲ್ಲಲು ಎಲ್ಲರನ್ನೂ ಒಳಗೊಳ್ಳುವ ಪದ ಬೇಕಾಯಿತು. ಹೊರಗಿನವರು ಹೇರಿದ ಹೆಸರು ಅಲ್ಲಿಗೆ ಒಗ್ಗಟ್ಟಿನ ಹೆಸರಾಯಿತು. ಅದೇ ದಾರಿಯಲ್ಲಿ 1944ರಲ್ಲಿ ಹುಟ್ಟಿದ ‘ನ್ಯಾಷನಲ್ ಕಾಂಗ್ರೆಸ್ ಆಫ್ ಅಮೆರಿಕನ್ ಇಂಡಿಯನ್ಸ್’ ಇಂದಿಗೂ ವಾಷಿಂಗ್ಟನ್ನಿನಿಂದ ಕೆಲಸ ಮಾಡುತ್ತಿದೆ.

ಹಾಗಾದರೆ ಕಾನೂನಿನ ಕಣ್ಣಿಗೆ ಇಂಡಿಯನ್ ಯಾರು? 1974ರ ಮಾರ್ಟನ್ ವಿರುದ್ಧ ಮಂಕಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಬ್ಯೂರೊದ ನೌಕರಿಯಲ್ಲಿ ಇಂಡಿಯನ್ನರಿಗೆ ಕೊಡುವ ಆದ್ಯತೆ ಜನಾಂಗದ ಆಧಾರದ್ದಲ್ಲ, ಮಾನ್ಯತೆ ಪಡೆದ ಬುಡಕಟ್ಟಿನ ಸದಸ್ಯತ್ವದ ಆಧಾರದ್ದು, ಆದ್ದರಿಂದ ರಾಜಕೀಯ ಸ್ವರೂಪದ್ದು ಎಂದು ಹೇಳಿತು. ಈ ಅರ್ಥದಲ್ಲಿ ಇಂಡಿಯನ್ ಎಂಬುದು ರಕ್ತದ ಮಾತಿಗಿಂತ ಪೌರತ್ವದ ಮಾತಿಗೆ ಹತ್ತಿರ. 1990ರ ಇಂಡಿಯನ್ ಕಲೆ ಮತ್ತು ಕರಕುಶಲ ಕಾಯ್ದೆಯ ಪ್ರಕಾರ, ಬುಡಕಟ್ಟಿನವರು ಮಾಡದ ವಸ್ತುವನ್ನು ಅವರು ಮಾಡಿದ್ದೆಂದು ನಂಬಿಸಿ ಮಾರಿದವರಿಗೆ ಜೈಲು ಶಿಕ್ಷೆಯೂ ಆಗಬಹುದು. ಮೇರಿಲ್ಯಾಂಡಿನ ಮಾಂಟ್ಗಮರಿ ಕೌಂಟಿಯಲ್ಲಿ ಭಾರತೀಯ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿವೆ. ಅದೇ ಕೌಂಟಿಯ ರಾಕ್‌ವಿಲ್ ಊರಿನಲ್ಲಿ ‘ಇಂಡಿಯನ್ ಹೆಲ್ತ್ ಸರ್ವಿಸ್’ನ ಪ್ರಧಾನ ಕಚೇರಿ ಇದೆ. ಹೆಸರಿನಲ್ಲಿ ಇಂಡಿಯನ್ ಇದ್ದರೂ ಅದು ಬುಡಕಟ್ಟುಗಳಿಗೆ ಒಪ್ಪಂದ ಮತ್ತು ಕಾಯ್ದೆಗಳ ಮೂಲಕ ಸಲ್ಲಬೇಕಾದ ಆರೋಗ್ಯ ಸೇವೆಯನ್ನು ನಡೆಸುವ ಇಲಾಖೆ. ಅಲ್ಲಿ ಆ ಪದವನ್ನು ತೆಗೆದು ಬೇರೆ ಹಾಕಿದರೆ ಬೋರ್ಡು ಮಾತ್ರ ಬದಲಾಗುವುದಿಲ್ಲ, ಅದರ ಹಿಂದಿನ ಸಾಲವನ್ನೂ ಹೆಸರಿಸಬೇಕಾಗುತ್ತದೆ.

ಇಲ್ಲಿಗೆ ಮೊದಲ ಆಕ್ಷೇಪ ಬರುತ್ತದೆ. ತಪ್ಪಿನಿಂದ ಹುಟ್ಟಿದ ಹೆಸರು, ವಸಾಹತುಗಾರರು ಹೇರಿದ ಹೆಸರು. ಅದನ್ನು ಪೂರ್ತಿ ಕೈಬಿಡುವುದೇ ಗೌರವವಲ್ಲವೇ ಎಂದು ಒಳ್ಳೆಯ ಮನಸ್ಸಿನವರು ಕೇಳುತ್ತಾರೆ. ಉತ್ತರಕ್ಕೆ ವರ್ಜೀನಿಯಾದತ್ತ ನೋಡಬೇಕು. 1924ರ ಮಾರ್ಚಿನಲ್ಲಿ ಆ ರಾಜ್ಯ ಜನಾಂಗೀಯ ಶುದ್ಧತೆಯ ಕಾಯ್ದೆ ಮಾಡಿತು. ಜನನ ಮರಣ ನೋಂದಣಿಯ ಅಧಿಕಾರಿ ವಾಲ್ಟರ್ ಪ್ಲೆಕರ್ 1912ರಿಂದ 1946ರವರೆಗೆ ಆ ಹುದ್ದೆಯಲ್ಲಿದ್ದ. ವರ್ಜೀನಿಯಾದಲ್ಲಿ ನಿಜವಾದ ಇಂಡಿಯನ್ನರೇ ಉಳಿದಿಲ್ಲ ಎಂಬುದು ಅವನ ಹಟ. ದಾಖಲೆಗಳಲ್ಲಿ ಇಂಡಿಯನ್ ಎಂದಿದ್ದ ಕಡೆ ‘ಕಲರ್ಡ್’ ಎಂದು ಬರೆಸಿದ. 1943ರಲ್ಲಿ ಸಂಶಯದ ಮನೆತನಗಳ ಹೆಸರುಗಳ ಪಟ್ಟಿಯನ್ನೇ ಕೌಂಟಿಗಳಿಗೆ ಕಳಿಸಿದ. ತಾಯಂದಿರು ಮಗುವಿನ ಜನನಪತ್ರದಲ್ಲಿ ಆ ಒಂದು ಪದವನ್ನು ಉಳಿಸಿಕೊಳ್ಳಲು ಹೋರಾಡಬೇಕಾಯಿತು. 1967ರಲ್ಲಿ ಬೇರೆ ಬೇರೆ ಜನಾಂಗದವರ ಮದುವೆಯ ಕುರಿತ ಲವಿಂಗ್ ಮೊಕದ್ದಮೆಯ ತೀರ್ಪು ಆ ಕಾಯ್ದೆಯ ಬೆನ್ನು ಮುರಿದರೂ ಕಾಗದದ ಮೇಲಿನ ಹಾನಿ ಹಾಗೆಯೇ ಉಳಿಯಿತು. ಫೆಡರಲ್ ಮಾನ್ಯತೆಗೆ ಅವಿಚ್ಛಿನ್ನ ದಾಖಲೆ ಬೇಕು. ದಾಖಲೆಯನ್ನು ಸರಕಾರವೇ ತಿದ್ದಿತ್ತು. ಪಮಂಕಿ ಬುಡಕಟ್ಟಿಗೆ ಮಾನ್ಯತೆಯ ನಿರ್ಣಯ ಬಂದದ್ದು 2015ರಲ್ಲಿ, ಇನ್ನಾರು ಬುಡಕಟ್ಟುಗಳಿಗೆ ಕಾಂಗ್ರೆಸ್ಸಿನ ಕಾಯ್ದೆಯ ಮೂಲಕ 2018ರ ಜನವರಿಯಲ್ಲಿ.

ಉತ್ತರ ಕ್ಯಾರೊಲಿನಾದ ರಾಬ್ಸನ್ ಕೌಂಟಿಯ ಲಂಬಿ ಜನರದ್ದೂ ಇದೇ ಜಾತಿಯ ಕಥೆ. 1885ರಲ್ಲಿ ರಾಜ್ಯ ಅವರನ್ನು ಕ್ರೊಯೇಟನ್ ಇಂಡಿಯನ್ನರು ಎಂದಿತು, 1911ರಲ್ಲಿ ರಾಬ್ಸನ್ ಕೌಂಟಿಯ ಇಂಡಿಯನ್ನರು ಎಂದಿತು, 1913ರಲ್ಲಿ ರಾಬ್ಸನ್ ಕೌಂಟಿಯ ಚೆರೊಕೀ ಇಂಡಿಯನ್ನರು ಎಂದಿತು; 1953ರಲ್ಲಿ ಅವರೇ ಆರಿಸಿಕೊಂಡ ಲಂಬಿ ಎಂಬ ಹೆಸರನ್ನು ಒಪ್ಪಿತು. ಜೊತೆಗಿನ ಹೆಸರು ಮೂರು ಸಲ ಬದಲಾದರೂ ಇಂಡಿಯನ್ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ, ಏಕೆಂದರೆ ಅದರ ಆಧಾರದ ಮೇಲೆಯೇ 1887ರಲ್ಲಿ ತಮ್ಮ ಮಕ್ಕಳಿಗೆ ಶಿಕ್ಷಕರ ತರಬೇತಿ ಶಾಲೆಯನ್ನು ಪಡೆದಿದ್ದರು. ಅದೇ ಇಂದು ಪೆಂಬ್ರೋಕ್‌ನ ವಿಶ್ವವಿದ್ಯಾಲಯವಾಗಿದೆ. 1956ರ ಫೆಡರಲ್ ಕಾಯ್ದೆ ಅವರಿಗೆ ಲಂಬಿ ಇಂಡಿಯನ್ನರು ಎಂಬ ಹೆಸರು ಕೊಟ್ಟು, ಇಂಡಿಯನ್ನರಿಗೆ ಸಲ್ಲುವ ಸೇವೆಗಳನ್ನು ಅದೇ ಕಾಯ್ದೆಯಲ್ಲಿ ನಿರಾಕರಿಸಿತು. ಆ ಅರೆಬರೆ ಮಾನ್ಯತೆಯ ವಿರುದ್ಧ ಅವರು ದಶಕಗಳ ಕಾಲ ಹೋರಾಡಿದರು. ಹೀಗೆ ಪದಕ್ಕಾಗಿ ಕಷ್ಟಪಟ್ಟವರಿಗೆ, ಅದು ನಿಮಗೆ ಅವಮಾನ, ಬಿಟ್ಟುಬಿಡಿ ಎಂದು ಹೊರಗಿನವರು ಹೇಳುವುದು ಇನ್ನೊಂದು ಬಗೆಯ ಹೇರಿಕೆ. ಹೆಸರನ್ನು ಬಿಡುವ ಹಕ್ಕು ಅದನ್ನು ಹೊತ್ತವರದ್ದು.

ಭಾರತದಿಂದ ಹೋದವರ ಕಡೆಗೆ ತಿರುಗಿದರೆ ವರ್ಜೀನಿಯಾದ ಆ ಕಾಯ್ದೆ ಬಂದ ವರ್ಷಗಳಲ್ಲೇ ವಾಷಿಂಗ್ಟನ್ನಿನಲ್ಲಿ ಇನ್ನೊಂದು ನಿರ್ಧಾರವಾಗಿದ್ದು ಕಾಣುತ್ತದೆ. 1923ರ ಫೆಬ್ರವರಿ 19ರಂದು ಭಗತ್ ಸಿಂಗ್ ಥಿಂದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಆ ಸಿಖ್ಖನನ್ನು ‘ಹಿಂದೂ’ ಎಂದು ಕರೆದು, ಸಾಮಾನ್ಯರ ತಿಳಿವಳಿಕೆಯಂತೆ ಇವನು ಬಿಳಿಯನಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹನಲ್ಲ ಎಂದಿತು. ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಿತ್ತುಕೊಳ್ಳಲಾಯಿತು. 1924ರ ಮೇ ತಿಂಗಳ ವಲಸೆ ಕಾಯ್ದೆ ಏಷ್ಯಾದವರಿಗೆ ಬಾಗಿಲು ಮುಚ್ಚಿತು. ಅದಾದ ಒಂದೇ ವಾರಕ್ಕೆ, ಜೂನ್ 2ರಂದು, ಇಂಡಿಯನ್ ಪೌರತ್ವ ಕಾಯ್ದೆ ದೇಶದೊಳಗೆ ಹುಟ್ಟಿದ ಎಲ್ಲ ಮೂಲಜನರನ್ನು ಅಮೆರಿಕದ ಪ್ರಜೆಗಳೆಂದು ಸಾರಿತು. ಹದಿನಾರು ತಿಂಗಳೊಳಗೆ ಒಬ್ಬ ಇಂಡಿಯನ್ನನ ಪೌರತ್ವ ಹೋಯಿತು, ಇನ್ನೊಬ್ಬ ಇಂಡಿಯನ್ನನಿಗೆ ಬಂತು. ಸಂದರ್ಭ ನೋಡಿದರೆ ಅರ್ಥ ತಾನೇ ತಿಳಿಯುತ್ತದೆ, ಪದದ ಬಗ್ಗೆ ಇಷ್ಟು ಚರ್ಚೆ ಏಕೆ ಎನ್ನುವವರಿಗೆ ಈ ಎರಡು ವರ್ಷಗಳೇ ಉತ್ತರ. ಆಡುಮಾತಿನಲ್ಲಿ ಸಂದರ್ಭ ಸಾಕು. ನ್ಯಾಯಾಧೀಶನ ಮುಂದೆ, ನೋಂದಣಿಯ ಗುಮಾಸ್ತನ ಮುಂದೆ, ಗಡಿಯ ಅಧಿಕಾರಿಯ ಮುಂದೆ ಅದು ಸಾಲದು.

ಜನಗಣತಿಯ ನಮೂನೆ ಈ ಚರಿತ್ರೆಯನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. 1920, 1930, 1940ರ ಗಣತಿಗಳಲ್ಲಿ ಭಾರತದವರು ಯಾವ ಧರ್ಮದವರಾದರೂ ‘ಹಿಂದೂ’ ಎಂಬ ಜನಾಂಗ. 1970ರಲ್ಲಿ ಅವರನ್ನು ಬಿಳಿಯರೊಳಗೆ ಎಣಿಸಲಾಯಿತು. 1946ರ ಲೂಸ್-ಸೆಲರ್ ಕಾಯ್ದೆ ಪೌರತ್ವದ ಹಾದಿ ತೆರೆದಿತ್ತು, 1965ರ ವಲಸೆ ಕಾಯ್ದೆ ಡಾಕ್ಟರುಗಳನ್ನೂ ಎಂಜಿನಿಯರುಗಳನ್ನೂ ಕರೆತಂದಿತ್ತು. ಅಂಥವರು ಕಟ್ಟಿದ ‘ಅಸೋಸಿಯೇಷನ್ ಆಫ್ ಇಂಡಿಯನ್ಸ್ ಇನ್ ಅಮೆರಿಕ’ ಒತ್ತಾಯ ಹಾಕಿದ ಮೇಲೆ 1980ರ ನಮೂನೆಯಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಚೌಕ ಬಂತು. ಆ ಸಲ ಅದರಲ್ಲಿ ಎಣಿಕೆಯಾದವರು ಸುಮಾರು 3.87 ಲಕ್ಷ, 2020ರಲ್ಲಿ ಸುಮಾರು 44 ಲಕ್ಷ. ‘ಅಮೆರಿಕನ್ ಇಂಡಿಯನ್’ ಎಂಬ ಇನ್ನೊಂದು ಚೌಕದ ಕೆಳಗೆ ಬುಡಕಟ್ಟಿನ ಹೆಸರು ಬರೆಯಿರಿ ಎಂದು ಗೆರೆ ಎಳೆದಿರುತ್ತದೆ. ಹೊಸದಾಗಿ ಹೋದವರು ಆತುರದಲ್ಲಿ ತಪ್ಪು ಚೌಕ ತುಂಬಿದರೆ ಅದು ಬರೀ ಕೈತಪ್ಪಾಗಿ ಉಳಿಯುವುದಿಲ್ಲ. ಕೌಂಟಿಗೆ ಬರುವ ಅನುದಾನ ಈ ಲೆಕ್ಕಗಳ ಮೇಲೆ ನಿಂತಿದೆ. ಬೇರೊಬ್ಬರ ಪಾಲಿನ ಅಂಕಿಯನ್ನು ನಾವು ಕೆಡಿಸಿದಂತಾಗುತ್ತದೆ.

ಎರಡನೆಯ ಆಕ್ಷೇಪ ನಮ್ಮವರಿಂದಲೇ ಬರುತ್ತದೆ. ಪದ ಹುಟ್ಟಿದ್ದು ಸಿಂಧುವಿನಿಂದ, ದೇಶ ನಮ್ಮದು, ಹಾಗಾಗಿ ಇಂಡಿಯನ್ ಎಂಬ ಹೆಸರು ನ್ಯಾಯವಾಗಿ ನಮ್ಮದೇ, ಅವರು ಬೇರೆ ಹೆಸರು ನೋಡಿಕೊಳ್ಳಲಿ ಎಂಬ ವಾದ. ಇದರಲ್ಲಿ ಮೂಲವನ್ನೇ ಒಡೆತನ ಎಂದು ತಿಳಿದ ದೋಷವಿದೆ. ಸಿಂಧು ನಮ್ಮ ಪದವಾದರೂ ಇಂಡಿಯಾ ಹೊರಗಿನವರು ಕಟ್ಟಿದ ಪದ. ನಮ್ಮ ಸಂವಿಧಾನದ ಮೊದಲ ವಿಧಿಯೇ ‘ಇಂಡಿಯಾ, ಅಂದರೆ ಭಾರತ’ ಎಂದು ಎರಡನ್ನೂ ಜೋಡಿಸಿ ಹೇಳಬೇಕಾಯಿತು. ಅಮೆರಿಕದ ಕಾನೂನಿನಲ್ಲಿ ಈ ಪದ ನೆಲೆಯಾದದ್ದು 1787ರಲ್ಲಿ. ಭಾರತ ಗಣರಾಜ್ಯವಾದದ್ದು 1950ರಲ್ಲಿ. ಆ ನೆಲದಲ್ಲಿ ನಾವು ನಂತರ ಬಂದವರು. ಮೊದಲಿನ ಹಕ್ಕುದಾರರ ಬಳಿ ನೆಲ ಹೋಗಿ ಒಪ್ಪಂದದ ಕಾಗದ ಮಾತ್ರ ಉಳಿದಿರುವಾಗ, ಆ ಕಾಗದದಲ್ಲಿರುವ ಪದವನ್ನೂ ನಮಗೆ ಬಿಡಿ ಎನ್ನುವುದು ಅನ್ಯಾಯದ ಮಾತು. ಹಾಗೆಯೇ ನಮ್ಮ ಮಕ್ಕಳು ತಾವು ಯಾವ ಬಗೆಯ ಇಂಡಿಯನ್ ಎಂದು ಹೇಳುವಾಗ ಹಣೆಯ ಬೊಟ್ಟು ಮತ್ತು ತಲೆಯ ಗರಿಯ ಹಳಸಲು ಹಾಸ್ಯವನ್ನು ಬಳಸುವುದನ್ನು ನಿಲ್ಲಿಸಬೇಕು. ಅದು ಇಬ್ಬರನ್ನೂ ವೇಷಕ್ಕೆ ಇಳಿಸುತ್ತದೆ.

ಎಲ್ಲ ಬಳಕೆಗಳೂ ಸಮಾನವಾಗಿ ಗೌರವಕ್ಕೆ ಅರ್ಹ ಎಂದು ಇದರ ಅರ್ಥವಲ್ಲ. ಸದಸ್ಯರು, ಸಭೆ, ದಾಖಲೆ ಇರುವ ಹೆಸರಿಗೂ ಯಾರನ್ನೂ ಕೇಳದೆ ಬಳಸಿದ ವೇಷಕ್ಕೂ ವ್ಯತ್ಯಾಸವಿದೆ. ವಾಷಿಂಗ್ಟನ್ನಿನ ಫುಟ್ಬಾಲ್ ತಂಡ ಮೂಲಜನರ ಚರ್ಮದ ಬಣ್ಣವನ್ನು ಹೀಯಾಳಿಸುವ ಹೆಸರನ್ನು ದಶಕಗಳ ಕಾಲ ಹೊತ್ತು, 2020ರಲ್ಲಿ ಕೈಬಿಟ್ಟು, 2022ರಲ್ಲಿ ಕಮಾಂಡರ್ಸ್ ಆಯಿತು. ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡ ‘ಇಂಡಿಯನ್ಸ್’ ಎಂಬ ಹೆಸರನ್ನೇ ಬಿಟ್ಟಿತು. ಅಟ್ಲಾಂಟದ ಬ್ರೇವ್ಸ್ ತಂಡ ಹೆಸರನ್ನು ಉಳಿಸಿಕೊಂಡಿದೆ. ಅದರ ಅಭಿಮಾನಿಗಳು ಕೊಡಲಿ ಬೀಸುವಂತೆ ಕೈಯಾಡಿಸುವುದನ್ನು 2019ರಲ್ಲಿ ಎದುರಾಳಿ ತಂಡದ ಚೆರೊಕೀ ಆಟಗಾರ ರಯಾನ್ ಹೆಲ್ಸ್‌ಲಿ ಬಹಿರಂಗವಾಗಿ ಆಕ್ಷೇಪಿಸಿದ್ದ. ಚೆರೊಕೀ ಜನರನ್ನು ಹೊರಗಟ್ಟಿದ ರಾಜ್ಯದಲ್ಲೇ ಆ ಕೈಯಾಟ ನಡೆಯುವುದರಿಂದ ಅದನ್ನು ನಿರಪಾಯದ ಮನರಂಜನೆ ಎಂದು ಸಮರ್ಥಿಸಿಕೊಳ್ಳಲಾಗದು. ಅದೇ ಪದ, ಅದೇ ಜನ. ಆದರೆ ಚೆರೊಕೀ ಇಂಡಿಯನ್ನರ ಪೂರ್ವ ಪಂಗಡ ಉತ್ತರ ಕ್ಯಾರೊಲಿನಾದ ಬೆಟ್ಟಗಳಲ್ಲಿ ತನ್ನ ಬೋರ್ಡಿನ ಮೇಲೆ ಬರೆದುಕೊಂಡರೆ ಅದು ಸ್ವಾಭಿಮಾನ, ಕ್ರೀಡಾಂಗಣದಲ್ಲಿ ಬೇರೆಯವರು ಆಡಿಕೊಂಡರೆ ಅಪಹಾಸ್ಯ.

ಬದಲಿ ಪದಗಳು ಸಮಸ್ಯೆಯನ್ನು ಬಗೆಹರಿಸಿವೆಯೇ? ಅಷ್ಟಿಷ್ಟು ಮಾತ್ರ. ‘ನೇಟಿವ್ ಅಮೆರಿಕನ್’ 1960ರ ದಶಕದ ನಂತರ ಹರಡಿದ ಹೆಸರು. 1840ರ ದಶಕದಲ್ಲಿ ವಲಸೆಗಾರರನ್ನು ದ್ವೇಷಿಸುತ್ತಿದ್ದ ಬಿಳಿಯರ ಪಕ್ಷವೊಂದು ಅದೇ ಹೆಸರನ್ನು ಇಟ್ಟುಕೊಂಡಿತ್ತು. ನಮ್ಮ ಕಡೆ ‘ಸೌತ್ ಏಷ್ಯನ್’ ಎಂದರೆ ಆರೇಳು ದೇಶಗಳನ್ನು ಒಟ್ಟಿಗೆ ಹೇಳಿದಂತಾಗುತ್ತದೆ, ‘ದೇಸಿ’ ಆಪ್ತರ ನಡುವಿನ ಮಾತು, ‘ಈಸ್ಟ್ ಇಂಡಿಯನ್’ ಕಂಪನಿಯ ಕಾಲದ ಉಳಿಕೆ. ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ 2004ರಲ್ಲಿ ತೆರೆದ ಮ್ಯೂಸಿಯಂ ತನ್ನ ಹೆಸರಿನಲ್ಲಿ ‘ಅಮೆರಿಕನ್ ಇಂಡಿಯನ್’ ಎಂದೇ ಇಟ್ಟುಕೊಂಡಿದೆ. ಅದೇ ಮಾಲ್‌ನಲ್ಲಿ, ಅದೇ ಸ್ಮಿತ್ಸೋನಿಯನ್ ಸಂಸ್ಥೆ, 2014ರಲ್ಲಿ ಭಾರತೀಯ ಅಮೆರಿಕನ್ನರ ಕುರಿತ ಪ್ರದರ್ಶನ ನಡೆಸಿದಾಗ ‘ಇಂಡಿಯನ್ ಅಮೆರಿಕನ್’ ಎಂದಿತು. ಎರಡು ಪದಗಳ ಸ್ಥಾನ ಅದಲುಬದಲಾದರೆ ಎರಡು ಜನ. ಮೂಲಜನರ ಆ ಮ್ಯೂಸಿಯಂ ಕೊಡುವ ಸಲಹೆ ಸರಳವಾಗಿದೆ: ಸಾಮೂಹಿಕ ಹೆಸರುಗಳು ಯಾವುದಾದರೂ ನಡೆಯುತ್ತವೆ, ಆದರೆ ಸಾಧ್ಯವಾದಾಗಲೆಲ್ಲ ಆ ಜನರ ಸ್ವಂತ ಹೆಸರನ್ನೇ ಹೇಳಿ.

ಈ ಸಲಹೆ ಕನ್ನಡಿಗರಿಗೆ ಅಪರಿಚಿತವಲ್ಲ. ವಾಷಿಂಗ್ಟನ್ ಸುತ್ತಿನವರು ತಮ್ಮ ಸಂಘಕ್ಕೆ ‘ಕಾವೇರಿ’ ಎಂದರು, ಅಟ್ಲಾಂಟದವರು ‘ನೃಪತುಂಗ ಕನ್ನಡ ಕೂಟ’ ಎಂದರು. 2012ರಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನ ಅಟ್ಲಾಂಟದಲ್ಲಿ ನಡೆದಾಗ ಸೇರಿದವರು ಕನ್ನಡಿಗರಾಗಿ ಸೇರಿದರು. ಇಂಡಿಯನ್ ಎಂಬ ದೊಡ್ಡ ಹೆಸರು ಪಾಸ್‌ಪೋರ್ಟಿಗೆ, ಗಣತಿಗೆ, ಹಕ್ಕಿನ ಹೋರಾಟಕ್ಕೆ ಬೇಕು. ಮಗುವಿಗೆ ಲಾಲಿ ಹಾಡುವಾಗ ಬೇಕಾದದ್ದು ಅದಲ್ಲ. ಲಂಬಿಗೂ ಕಟಾಬನಿಗೂ ಚೆರೊಕೀಗೂ ಇದೇ ಸತ್ಯ. ತನ್ನ ಹೆಸರು ದೊಡ್ಡ ಹೆಸರಿನಲ್ಲಿ ಕರಗಿಹೋಗುವ ಸಂಕಟವನ್ನು ಬಲ್ಲ ಭಾಷಿಕರಾಗಿ ನಾವು ಅವರನ್ನು ಬೇಗ ಅರ್ಥಮಾಡಿಕೊಳ್ಳಬೇಕಿತ್ತು. ಆದರೆ ಕನ್ನಡದ ಬರಹಗಳಲ್ಲಿ ಇಂದಿಗೂ ‘ರೆಡ್ ಇಂಡಿಯನ್’ ಎಂಬ ಮಾತು ಯಾವ ಸಂಕೋಚವೂ ಇಲ್ಲದೆ ಕಾಣಿಸಿಕೊಳ್ಳುತ್ತದೆ. ಅದು ಅವರು ಆರಿಸಿಕೊಂಡದ್ದಲ್ಲ, ಅವರ ಕಾನೂನಿನಲ್ಲಿಲ್ಲ, ಅವರ ಯಾವ ಸಂಸ್ಥೆಯ ಹೆಸರಿನಲ್ಲೂ ಇಲ್ಲ. ಬ್ರಿಟಿಷ್ ಪುಸ್ತಕಗಳಿಂದ ನಾವು ಎರವಲು ತಂದದ್ದು.

ಪದವನ್ನು ಯಾರೂ ಆಜ್ಞೆ ಮಾಡಿ ಶುದ್ಧಗೊಳಿಸಲಾರರು. ‘ಇಂಡಿಯನ್’ ತನ್ನ ಎಲ್ಲ ಅರ್ಥಗಳೊಂದಿಗೆ ಉಳಿಯುತ್ತದೆ, ಉಳಿಯಲು ಅದಕ್ಕೆ ಕಾರಣಗಳೂ ಇವೆ. ನಮ್ಮ ಕೈಯಲ್ಲಿರುವುದು ಬಳಕೆಯ ಎಚ್ಚರ. ಕನ್ನಡದ ಪತ್ರಿಕೆ, ಪಠ್ಯಪುಸ್ತಕ, ಅನುವಾದಗಳನ್ನು ಸಿದ್ಧಪಡಿಸುವವರು ‘ರೆಡ್ ಇಂಡಿಯನ್’ ಎಂಬುದನ್ನು ಇಂದೇ ಬಿಡಬೇಕು; ಜನ ಯಾರೆಂದು ಗೊತ್ತಿದ್ದರೆ ಚೆರೊಕೀ, ಲಂಬಿ, ಕಟಾಬ ಎಂದು ಅವರ ಹೆಸರನ್ನೇ ಬರೆಯಬೇಕು, ಒಟ್ಟಾಗಿ ಹೇಳುವಾಗ ಅಮೆರಿಕದ ಮೂಲಜನರು ಎನ್ನಬೇಕು, ಕಾಯ್ದೆ ಮತ್ತು ಸಂಸ್ಥೆಗಳ ಹೆಸರಿನಲ್ಲಿ ಇಂಡಿಯನ್ ಎಂದಿರುವುದನ್ನು ಹಾಗೆಯೇ ಇಡಬೇಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ತಾವಿರುವ ನೆಲ ಮೊದಲು ಯಾರದ್ದಾಗಿತ್ತೆಂದು ಮಕ್ಕಳಿಗೆ ಹೇಳಿಕೊಡಬೇಕು. ನಮೂನೆ ತುಂಬುವಾಗ ತಮ್ಮ ಚೌಕವನ್ನೇ ತುಂಬಬೇಕು. ಕನ್ನಡ ನುಡಿಗೆ ಸಲ್ಲಬೇಕಾದ ಮರ್ಯಾದೆಯನ್ನು ಲೋಕದಿಂದ ಕೇಳುವ ನಾವು ಅಷ್ಟನ್ನಾದರೂ ಬೇರೆಯವರ ಹೆಸರಿಗೆ ಕೊಡಲು ಕಲಿಯೋಣ.